ಅವಳು ಆಗಲೇ ಹೇಳಿದ್ದಳು

ಮಾಸ್ತರರೇ, ನಮಸ್ಕಾರ.

ಕಾರವಾರದಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿ ಹತ್ತು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಲ ಬರೆದು ಹರಿದು ಹಾಕಿದೆ.

ಅಮೆರಿಕದ ನಟ ಬಿಲ್ ಕಾಸ್ಬಿ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೆವು. ಅದರಿಂದ ನಿಮಗೆ ನೋವಾಗಿದೆ. ಮಗನ ಮನೆಗೆ ಹೋಗಿದ್ದಾಗ ನೀವೂ ನಿಮ್ಮ ಮನೆಯವರೂ ಸಂಜೆ ಹೊತ್ತು 'ದ ಕಾಸ್ಬಿ ಶೋ' ಹಳೆಯ ಕಂತುಗಳನ್ನು ನೋಡುತ್ತಿದ್ದಿರಂತೆ. ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರಂತೆ. ಈಗ ಅವರಿಲ್ಲ. "ಆ ನಗುವನ್ನೂ ಕಿತ್ತುಕೊಂಡಿರಿ" ಅಂತ ಬರೆದಿದ್ದೀರಿ. ಆಮೇಲೆ ಮೂರು ಪ್ರಶ್ನೆ ಕೇಳಿದ್ದೀರಿ. ಅಷ್ಟು ವರ್ಷ ಆ ಹೆಂಗಸರು ಯಾಕೆ ಸುಮ್ಮನಿದ್ದರು? ಎಲ್ಲ ದುಡ್ಡಿಗಾಗಿ ಅಲ್ವಾ? ಕೋರ್ಟೇ ಬಿಟ್ಟ ಮೇಲೆ ಬರೆಯಲು ನೀವು ಯಾರು?

ಮೊದಲು ಆ ನಗುವಿನ ಮಾತು. ಅದನ್ನು ಯಾರೂ ಕಿತ್ತುಕೊಳ್ಳಲಾರರು, ಮಾಸ್ತರರೇ. ಅದು ನಿಮ್ಮಿಬ್ಬರದು. 1984ರಿಂದ 1992ರವರೆಗೆ ಅಮೆರಿಕದ ಮನೆಮನೆಯೂ ಆ ಶೋನ ಡಾಕ್ಟರ್ ಅಪ್ಪನನ್ನು ನೋಡಿ ನಕ್ಕಿತು. ನಕ್ಕವರು ಯಾರೂ ತಪ್ಪು ಮಾಡಲಿಲ್ಲ. ಆದರೆ ಆ ಒಳ್ಳೆಯ ಅಪ್ಪ ಒಂದು ಪಾತ್ರ. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಯಿಡೀ ರಾಮನಾಗಿ ಕುಣಿದವರು ಬೆಳಗ್ಗೆ ಚೌಕಿಯಲ್ಲಿ ಬಣ್ಣ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ರಾಮನ ಗುಣವನ್ನು ವೇಷಧಾರಿಯ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಟಿವಿಯ ಅಪ್ಪನ ವಿಷಯದಲ್ಲೂ ಅಷ್ಟೇ.

ಈಗ ನಿಮ್ಮ ಮೊದಲ ಪ್ರಶ್ನೆ. ನನ್ನನ್ನು ಹತ್ತು ದಿನ ನಿದ್ದೆಗೆಡಿಸಿದ್ದು ಅದೇ.

ಆಂಡ್ರಿಯಾ ಕಾನ್‌ಸ್ಟಂಡ್ ಎಂಬವರು ಟೆಂಪಲ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ವಿಭಾಗದಲ್ಲಿ ಕೆಲಸಕ್ಕಿದ್ದರು. ಕಾಸ್ಬಿ ತಮ್ಮ ಮೇಲೆ ದೌರ್ಜನ್ಯ ಎಸಗಿದ್ದು 2004ರ ಜನವರಿಯಲ್ಲಿ ಎಂದು ಅವರ ದೂರು. ಅವರು ಪೊಲೀಸರಿಗೆ ಹೇಳಿದ್ದು 2005ರ ಜನವರಿಯಲ್ಲಿ. ಒಂದೇ ವರ್ಷ. ಫೆಬ್ರವರಿಯಲ್ಲಿ ಸರ್ಕಾರಿ ವಕೀಲರು ಸಾಕ್ಷ್ಯ ಸಾಲದು ಎಂದು ಕೈಬಿಟ್ಟರು. ಕಾನ್‌ಸ್ಟಂಡ್ ಸಿವಿಲ್ ದಾವೆ ಹಾಕಿದಾಗ ತಮಗೂ ಹೀಗೇ ಆಗಿದೆ ಎಂದು ಸಾಕ್ಷಿ ಹೇಳಲು ಹತ್ತಕ್ಕೂ ಹೆಚ್ಚು ಹೆಂಗಸರು ತಯಾರಾದರು. ಕೆಲವು ಪತ್ರಿಕೆಗಳಲ್ಲಿ ಬಂತು ಕೂಡ. 2006ರಲ್ಲಿ ರಾಜಿಯಾಯಿತು. ಆಮೇಲೆ ಏನಾಯಿತು ಗೊತ್ತಾ? 2009ರಲ್ಲಿ ಕಾಸ್ಬಿಗೆ ಅಲ್ಲಿನ ದೊಡ್ಡ ಹಾಸ್ಯ ಪ್ರಶಸ್ತಿಯಾದ ಮಾರ್ಕ್ ಟ್ವೈನ್ ಪ್ರಶಸ್ತಿ ಕೊಟ್ಟರು. ಆ ಹೆಂಗಸರು ಹೇಳಿ ಆಗಿತ್ತು. ಕೇಳಿದವರು ಮರೆತು ಚಪ್ಪಾಳೆ ತಟ್ಟಿದರು.

2014ರ ಅಕ್ಟೋಬರಿನಲ್ಲಿ ಹಾನಿಬಲ್ ಬರೆಸ್ ಎಂಬ ಹಾಸ್ಯಗಾರ ಫಿಲಡೆಲ್ಫಿಯದ ವೇದಿಕೆಯಲ್ಲಿ ಅದೇ ಮಾತನ್ನು ಎತ್ತಿದ. ಆ ವಿಡಿಯೊ ಎಲ್ಲೆಡೆ ಹರಡಿತು. ಹೆಂಗಸರೇ ಒಂಬತ್ತು ವರ್ಷ ಮೊದಲು ಹೇಳಿದಾಗ ಏಳದ ಸುದ್ದಿ ಒಬ್ಬ ಗಂಡಸು ಹೇಳಿದಾಗ ಎದ್ದಿತು. ಮುಂದೆ ಸುಮಾರು 60 ಹೆಂಗಸರು ಮಾತಾಡಿದರು. 2015ರ ಜುಲೈನಲ್ಲಿ ನ್ಯೂಯಾರ್ಕ್ ಪತ್ರಿಕೆ ಅವರಲ್ಲಿ 35 ಜನರನ್ನು ಕುರ್ಚಿಯಲ್ಲಿ ಕೂರಿಸಿ ಮುಖಪುಟದಲ್ಲಿ ಹಾಕಿತು. ಕೊನೆಗೆ ಒಂದು ಕುರ್ಚಿ ಖಾಲಿ.

ಆ ಖಾಲಿ ಕುರ್ಚಿ ನೋಡಿದಾಗ ನನಗೆ ನನ್ನ ಗೆಳತಿ ನೆನಪಾದಳು. ಅವಳನ್ನು ಕೇಳಿ, ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ ಅಂದಿದ್ದಾಳೆ. ಶಿರಸಿ ಸೀಮೆಯ ಒಂದು ಹಳ್ಳಿ ಅಂದುಕೊಳ್ಳಿ.

ನಾವಿಬ್ಬರೂ ಡಿಗ್ರಿ ಎರಡನೇ ವರ್ಷದಲ್ಲಿದ್ದೆವು. ಅವಳು ಶನಿವಾರ ಹಾರ್ಮೋನಿಯಂ ಕಲಿಯಲು ಹೋಗುತ್ತಿದ್ದಳು. ಕಲಿಸುವವರನ್ನು ಇಡೀ ಸೀಮೆ ಗೌರವದಿಂದ ಕಾಣುತ್ತಿತ್ತು. ಯಾರ ಮನೆಯಲ್ಲಿ ಪೂಜೆಯಾದರೂ ಅವರ ಹಾಡು ಇರಲೇಬೇಕು. ಒಂದು ಆಷಾಢದ ದಿನ ಕಾಲೇಜಿಂದ ಬರುವಾಗ ಅವಳು ಕಾಲುಸಂಕದ ನಡುವೆಯೇ ನಿಂತುಬಿಟ್ಟಳು. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಆ ಸದ್ದಿನಲ್ಲೇ ಹೇಳಿದಳು. ಅವರು ಏನು ಮಾಡಿದರು ಅಂತ ಎರಡೇ ಮಾತಿನಲ್ಲಿ ಹೇಳಿದಳು. ನಾನೇನು ಅಂದೆ ಗೊತ್ತಾ? "ಅವರು ಅಂಥವರಲ್ಲ ಮಾರಾಯ್ತಿ. ನೀನೇ ಏನೋ ತಪ್ಪು ತಿಳಿದಿದ್ದೀಯ."

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅಮ್ಮನಿಗೂ ಹೇಳಿದ್ದಳಂತೆ. ಅಮ್ಮ ಕ್ಲಾಸು ಬಿಡಿಸಿದರು, ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದರು. ಅವಳ ಸ್ವರ ಸರಿ ಇರಲಿಲ್ಲ, ಅದಕ್ಕೇ ಬಿಟ್ಟಳು ಎಂದು ಊರು ಮಾತಾಡಿಕೊಂಡಿತು.

ಹದಿನೈದು ವರ್ಷದ ಮೇಲೆ ಬೇರೊಬ್ಬ ಹುಡುಗಿ ಅದೇ ಮನುಷ್ಯನ ಮೇಲೆ ದೂರು ಕೊಟ್ಟಳು. ಅಂದು ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕವಳ ಹಾಕುತ್ತ ಕೂತವರೆಲ್ಲ ಕೇಳಿದ್ದು ನಿಮ್ಮದೇ ಪ್ರಶ್ನೆ. "ನಿಜ ಆಗಿದ್ದರೆ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?" ನನ್ನ ಅಪ್ಪನೂ ಕೇಳಿದರು. ನಾನು ಅಲ್ಲೇ ಇದ್ದೆ. ಆಗ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದೆ. ಎರಡು ವರ್ಷ ಮೊದಲು ಆ ಮನುಷ್ಯನ ಸನ್ಮಾನಕ್ಕೆ ಅರ್ಧ ಪುಟದ ಲೇಖನ ಬರೆದಿದ್ದವಳು ನಾನೇ. ಹೇಳಿದ್ದಾರೆ, ನನಗೇ ಹೇಳಿದ್ದಾರೆ ಎನ್ನಲು ಬಾಯಿ ಬರಲಿಲ್ಲ. ಆ ಹುಡುಗಿಯ ಕೇಸು ನಿಲ್ಲಲಿಲ್ಲ. ಅವಳು ಊರು ಬಿಟ್ಟಳು.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ಆ ಹೆಂಗಸರ ಕಡೆ ತಿರುಗಿಸಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ನನ್ನಂಥವರು. ನಮ್ಮ ದೇಶದಲ್ಲೂ ಇದನ್ನೇ ಕಾಣುತ್ತೇವೆ. ಮಲಯಾಳಂ ಚಿತ್ರರಂಗದ ಹೆಂಗಸರು ಕೇರಳ ಸರ್ಕಾರ ನೇಮಿಸಿದ ಹೇಮಾ ಸಮಿತಿಯ ಮುಂದೆ ಕೂತು ತಮಗಾದದ್ದನ್ನು ಹೇಳಿದರು. ವರದಿ ಸರ್ಕಾರದ ಕೈ ಸೇರಿದ್ದು 2019ರ ಕೊನೆಗೆ. ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಾನಿ ಮೇಲೆ ಮಾಜಿ ಕೇಂದ್ರ ಸಚಿವ ಎಂ. ಜೆ. ಅಕ್ಬರ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿಯ ಕೋರ್ಟು 2021ರ ಫೆಬ್ರವರಿಯಲ್ಲಿ ಆಕೆಯನ್ನು ಬಿಡುಗಡೆ ಮಾಡಿತು. ದಶಕಗಳು ಕಳೆದ ಮೇಲೂ ಹೆಣ್ಣಿಗೆ ತನ್ನ ದೂರು ಹೇಳುವ ಹಕ್ಕಿದೆ ಎಂದು ಹೇಳಿತು.

ದುಡ್ಡಿನ ಮಾತಿಗೆ ಜಾಸ್ತಿ ಬರೆಯುವುದಿಲ್ಲ. ಕಾನ್‌ಸ್ಟಂಡ್‌ಗೆ ರಾಜಿಯಲ್ಲಿ ಸಿಕ್ಕಿದ್ದು 33 ಲಕ್ಷ 80 ಸಾವಿರ ಡಾಲರ್. ಅದು 2006ರ ಮಾತು. ಕೊನೆಗೆ ಸರ್ಕಾರ ಕಾಸ್ಬಿ ಮೇಲೆ ಕ್ರಿಮಿನಲ್ ಕೇಸು ಹೂಡಿದ ಮೇಲೆ 2017ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಅವರು ಕಟಕಟೆಗೆ ಬಂದು ವಕೀಲರ ಪ್ರಶ್ನೆಗಳನ್ನು ಎದುರಿಸಿದರು. ಆ ಕ್ರಿಮಿನಲ್ ಕೇಸಿನಲ್ಲಿ ಅವರಿಗೆ ಒಂದು ಡಾಲರೂ ಬರುವುದಿರಲಿಲ್ಲ.

ಕೋರ್ಟು ಬಿಟ್ಟಿತು ಎಂಬುದು ನಿಜ. ಯಾಕೆ ಬಿಟ್ಟಿತು ಎಂಬುದನ್ನೂ ನೋಡಬೇಕು, ಅಲ್ವಾ? 2018ರ ಏಪ್ರಿಲ್ 26ರಂದು ಜ್ಯೂರಿ ತಪ್ಪಿತಸ್ಥ ಎಂದಿತು. ಸುಮಾರು ಮೂರು ವರ್ಷ ಜೈಲಾಯಿತು. 2021ರ ಜೂನ್ 30ರಂದು ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹಿಂದಿನ ಸರ್ಕಾರಿ ವಕೀಲರು ಕೇಸು ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು, ಅದನ್ನು ನಂಬಿ ಕಾಸ್ಬಿ ಸಿವಿಲ್ ದಾವೆಯಲ್ಲಿ ಪ್ರಮಾಣ ಮಾಡಿ ಉತ್ತರ ಕೊಟ್ಟರು, ಆಮೇಲೆ ಅದೇ ಉತ್ತರಗಳನ್ನು ಅವರ ವಿರುದ್ಧ ಬಳಸಿದ್ದು ಅನ್ಯಾಯ ಎಂಬುದು ಕಾರಣ. ತಾನು ಲೈಂಗಿಕ ಸಂಬಂಧ ಬಯಸಿದ ಹೆಂಗಸರಿಗೆ ಕೊಡಲು ಮತ್ತಿನ ಮಾತ್ರೆ ತರಿಸಿಟ್ಟಿದ್ದೆ ಎಂದು ಅವರು ಒಪ್ಪಿದ್ದು ಆ ಉತ್ತರಗಳಲ್ಲೇ. ತಪ್ಪೇ ನಡೆದಿಲ್ಲ ಎಂದು ಆ ಕೋರ್ಟು ಹೇಳಲಿಲ್ಲ. 2022ರಲ್ಲಿ ಕ್ಯಾಲಿಫೋರ್ನಿಯದ ಸಿವಿಲ್ ಜ್ಯೂರಿ 1975ರ ಒಂದು ಘಟನೆಯಲ್ಲಿ ಅವರೇ ಹೊಣೆ ಎಂದು 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅಂದು ಆ ಹುಡುಗಿಗೆ 16 ವರ್ಷ.

ಕಾಸ್ಬಿ ಎಲ್ಲ ಆರೋಪಗಳನ್ನೂ ನಿರಾಕರಿಸುತ್ತ ಬಂದಿದ್ದಾರೆ. ಅದನ್ನೂ ನಾವು ಅಚ್ಚು ಹಾಕಿದ್ದೇವೆ. ಸುಳ್ಳು ದೂರು ಇರಲಾರದು ಎಂದು ನಾನು ಹೇಳುವುದಿಲ್ಲ. ತೂಗಿ ನೋಡಲು ಕೋರ್ಟು ಇದೆ. ಆದರೆ 'ಸುಳ್ಳುಗಾತಿ' ಎಂಬುದೂ ಒಂದು ಆರೋಪವೇ. ಅದಕ್ಕೂ ಪುರಾವೆ ಬೇಕು.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ, ನೀವು ಕೇಳಿಕೊಂಡಂತೆ ಹೆಸರಿಲ್ಲದೆ ಹಾಕಿದ್ದೇವೆ. ಮೂರನೇ ಪುಟದಲ್ಲಿ ಆ ಹೆಂಗಸರನ್ನು ನೀವು ಕರೆದ ಒಂದು ಶಬ್ದವಿತ್ತು. ಅದೊಂದನ್ನು ತೆಗೆದಿದ್ದೇನೆ. ಉಳಿದದ್ದೆಲ್ಲ ನೀವು ಬರೆದ ಹಾಗೇ ಇದೆ, ನಿಮ್ಮ ಮನೆಯವರ ನಗುವೂ. ಶಿರಸಿ ಕಡೆ ಬಂದರೆ ಕಚೇರಿಗೆ ಬನ್ನಿ.