ಹಳೇ ಸೂಪರ್ 8 ಕ್ಯಾಮರಾದಲ್ಲಿ ಎಕ್ಟಾಕ್ರೋಮ್ ಬಿಳಿಚಿಕೊಂಡು ಬರ್ತಿದೆ, ಎಕ್ಸ್‌ಪೋಶರ್ ಹೇಗೆ ಸರಿ ಮಾಡೋದು?

ಎಪ್ಪತ್ತರ ದಶಕದ ಸಿನಿಮಾ ಕ್ಯಾಮರಾ, ಒಳಗೆ ಕೊಡಾಕ್‌ನ ಎಕ್ಟಾಕ್ರೋಮ್ 100ಡಿ ಫಿಲ್ಮ್, ಎಕ್ಸ್‌ಪೋಶರ್ ಆಟೋದಲ್ಲೇ ಬಿಟ್ಟು ಬಿಸಿಲಲ್ಲಿ ತೆಗೆದ್ರಿ, ಆಕಾಶ ಮುಖ ಎಲ್ಲಾ ಬಿಳಿಚಿಕೊಂಡು ಬಂತು ಅಂತ ಬರೆದಿದೀರಿ. ನನ್ನ ಮೊದಲ ರೋಲಿಗೂ ಇದೇ ಗತಿ ಆಗಿತ್ತು. ಕಿಟಕಿ ಹತ್ರ ಹಿಡಿದು ಭೂತಗನ್ನಡಿಯಲ್ಲಿ ನೋಡಿದ್ರೆ ಅಪ್ಪನ ಬಿಳಿ ಶರ್ಟ್ ಇರಬೇಕಾದ ಜಾಗದಲ್ಲಿ ಬರೀ ಖಾಲಿ ಫಿಲ್ಮ್, ಗಾಜಿನ ಥರ, ಒಂದು ಮಡಿಕೆ ಗೆರೆ ಕೂಡ ಇಲ್ಲ. ಆವತ್ತು ಹೊಟ್ಟೆ ಉರಿದುಹೋಯ್ತು.

ನೆಗೆಟಿವ್‌ನಲ್ಲಿ ಬೆಳಕು ಒಂದು ಸ್ಟಾಪ್ (ಅಂದ್ರೆ ದುಪ್ಪಟ್ಟು) ಜಾಸ್ತಿ ಬಿದ್ರೂ ಆಮೇಲೆ ಸರಿ ಮಾಡ್ಕೊಬಹುದು, ಎಕ್ಟಾಕ್ರೋಮ್ ಥರದ ರಿವರ್ಸಲ್‌ನಲ್ಲಿ (ತೊಳೆದ ಫಿಲ್ಮೇ ನೇರ ನೋಡೋ ಚಿತ್ರ) ಅರ್ಧ ಸ್ಟಾಪ್ ತಪ್ಪಿದ್ರೇ ಕಣ್ಣಿಗೆ ಕಾಣತ್ತೆ, ಸುಟ್ಟುಹೋದ ಜಾಗದಲ್ಲಿ ಮತ್ತೆ ಹುಡುಕೋಕೆ ಏನೂ ಉಳಿದಿರಲ್ಲ. ಅದಕ್ಕೇ ಅನುಮಾನ ಬಂದಾಗ ಸ್ವಲ್ಪ ಕತ್ತಲೆ ಕಡೆಗೇ ಹೋಗಿ.

ನಿಮ್ಮ ಕ್ಯಾಮರಾಗೆ ಯಾವ ಯಾವ ಫಿಲ್ಮ್ ಸ್ಪೀಡ್ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ನಂಬರ್) ಗೊತ್ತು ಅಂತ ಮೊದಲು ಮ್ಯಾನ್ಯುಯಲ್‌ನಲ್ಲಿ ನೋಡಿ. ಕಾರ್ಟ್ರಿಜ್ (ಫಿಲ್ಮ್ ಇರೋ ಡಬ್ಬಿ) ಅಂಚಲ್ಲಿರೋ ಕಚ್ಚನ್ನ ನೋಡ್ಕೊಂಡೇ ಕ್ಯಾಮರಾ ಸ್ಪೀಡ್ ಹೊಂದಿಸ್ಕೊಳ್ಳೋದು, ಆದ್ರೆ ಆ ಕಾಲದ ಎಷ್ಟೋ ಸರಳ ಮಾಡೆಲ್‌ಗಳು ಆಗಿನ ಕೊಡಾಕ್ರೋಮ್ 40 ಫಿಲ್ಮಿಗೆ ಅಂತಲೇ ಮಾಡಿದ್ದು, ಒಳಗೆ ಏನೇ ಹಾಕಿ ಅದು 40 ಅಂತಲೇ ಲೆಕ್ಕ ಹಾಕತ್ತೆ. 100ರ ಫಿಲ್ಮಿಗೆ 40ರ ಲೆಕ್ಕ ಅಂದ್ರೆ ಸುಮಾರು ಒಂದೂ ಕಾಲು ಸ್ಟಾಪ್‌ಗಿಂತ ಜಾಸ್ತಿ ಬೆಳಕು. ನಿಮ್ದು ಇದೇ ಕೇಸ್ ಅನ್ನೋದು ನನ್ನ ಅನುಮಾನ. ಬೆಳಕು ಅಳೆಯೋ ಮೀಟರ್‌ನ ಬ್ಯಾಟರಿನೂ ನೋಡಿ, ಮೊದಲಿದ್ದ 1.35 ವೋಲ್ಟ್ ಮರ್ಕ್ಯುರಿ ಸೆಲ್ ಜಾಗಕ್ಕೆ 1.5ರ ಆಲ್ಕಲೈನ್ ಹಾಕಿದ್ರೆ ಎಷ್ಟೋ ಕ್ಯಾಮರಾಗಳ ರೀಡಿಂಗೇ ತಪ್ಪತ್ತೆ.

ನಾನಂತೂ ಈಗ ಆಟೋ ನಂಬೋದೇ ಇಲ್ಲ, ಕೈ ಮೀಟರ್‌ನಲ್ಲಿ ಅಳೆದು ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತು) ಲಾಕ್ ಮಾಡ್ಕೊತೀನಿ. ಅದಕ್ಕೆ ಶಟರ್ ಸ್ಪೀಡ್ ಬೇಕು, ಲೆಕ್ಕ ಸುಲಭ, ಫ್ರೇಮ್ ರೇಟನ್ನ 360ರಿಂದ ಗುಣಿಸಿ ಶಟರ್ ಕೋನದಿಂದ (ತಿರುಗೋ ಶಟರ್‌ನಲ್ಲಿ ತೆರೆದಿರೋ ಭಾಗ) ಭಾಗಿಸಿ, 18 ಫ್ರೇಮ್, 150 ಡಿಗ್ರಿ ಆದ್ರೆ 43 ಬರತ್ತೆ, ಅಂದ್ರೆ ಸೆಕೆಂಡಿನ 43ನೇ ಒಂದು ಭಾಗ. ಲೆನ್ಸ್ ಮೂಲಕವೇ ನೋಡೋ ವ್ಯೂಫೈಂಡರ್ ಇದ್ರೆ ಒಳಗಿನ ಪ್ರಿಸಂ ಒಂದಷ್ಟು ಬೆಳಕು ತಿಂದ್ಕೊಳ್ಳತ್ತೆ, ಅದಕ್ಕೆ ಮೂರನೇ ಒಂದು ಸ್ಟಾಪ್ ಜಾಸ್ತಿ ಬಿಡ್ತೀನಿ. ಒಳ್ಳೇ ಬಿಸಿಲಲ್ಲಿ 100ರ ಫಿಲ್ಮಿಗೆ ಇದು ಹತ್ರಹತ್ರ ಎಫ್ 22ಕ್ಕೆ ಬರತ್ತೆ, ಅಷ್ಟು ಸಣ್ಣ ತೂತಲ್ಲಿ ಈ ಪುಟ್ಟ ಫ್ರೇಮ್ ಮೆತ್ತಗಾಗತ್ತೆ, ಎರಡು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸೋ ಬೂದು ಗಾಜು) ಹಾಕಿ ಎಫ್ 11ಕ್ಕೆ ಬನ್ನಿ.

ಮ್ಯಾನ್ಯುಯಲ್ ಅಪರ್ಚರ್ ಇಲ್ಲ ಅಂದ್ರೆ ಬೆಳಕು ತಗ್ಗಿಸೋ ದಾರಿ ಬೇರೆ. ಎನ್‌ಡಿನ ಲೆನ್ಸ್ ಮುಂದೆ ಹಾಕಿದ್ರೆ ಲೆನ್ಸ್ ಹಿಂದಿನ ಮೀಟರ್ ಅದನ್ನೂ ನೋಡಿ ಅಪರ್ಚರ್ ತೆಗೆದುಬಿಡತ್ತೆ, ಉಪಯೋಗ ಇಲ್ಲ, ಆದ್ರೆ ಮೀಟರ್ ಕಣ್ಣು ಮೈಮೇಲೆ ಬೇರೆ ಕಡೆ ಇದ್ರೆ ಬರೀ ಲೆನ್ಸಿಗೆ ಒಂದು ಸ್ಟಾಪ್‌ನ ಎನ್‌ಡಿ ಹಾಕಿದ್ರೆ ಸಾಕು.

ಮುಂದಿನ ಕಾರ್ಟ್ರಿಜ್‌ನಲ್ಲಿ 18 ಫ್ರೇಮ್‌ಗೆ 3 ನಿಮಿಷ 20 ಸೆಕೆಂಡ್ ಸಿಗತ್ತೆ, ಅದರಲ್ಲಿ ಮೊದಲ 20 ಸೆಕೆಂಡ್ ಟೆಸ್ಟಿಗೆ ಕೊಡಿ. ಬಿಳಿ ಬಟ್ಟೆ ಹಾಕಿರೋರನ್ನ ನಿಲ್ಲಿಸಿ, ಮೀಟರ್ ಹೇಳಿದ್ದು, ಅರ್ಧ ಸ್ಟಾಪ್ ಮೇಲೆ, ಅರ್ಧ ಕೆಳಗೆ, ಒಂದು ಮೇಲೆ, ಒಂದು ಕೆಳಗೆ, ನಾಲ್ಕು ನಾಲ್ಕು ಸೆಕೆಂಡ್, ಪ್ರತಿ ಸಲ ಅವರ ಕೈಯಲ್ಲಿ ನಂಬರ್ ಬರೆದಿರೋ ಚೀಟಿ. ತೊಳೆದು ಬಂದ ಮೇಲೆ ಸ್ಕ್ಯಾನ್ ನೋಡ್ಬೇಡಿ, ಅಲ್ಲಿ ಯಾರೋ ಸರಿ ಮಾಡಿರ್ತಾರೆ, ಪ್ರೊಜೆಕ್ಟರ್‌ಗೆ ಹಾಕಿ ಬಟ್ಟೆಯ ಮಡಿಕೆ ಯಾವ ಚೀಟಿಯಲ್ಲಿ ಉಳಿದಿದೆ ನೋಡಿ.