ಒಂದು ಕ್ಲಬ್ ಕೈಬಿಟ್ಟ ಫುಟಿ ಆಟಗಾರ ಇನ್ನೊಂದು ಕ್ಲಬ್‌ನಲ್ಲಿ ನಿಜವಾಗಿಯೂ ಗೆಲ್ತಾನಾ?

ನೀವು ಕೇಳಿದ್ದು: "ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೇನೆ. ಆಫೀಸಿನಲ್ಲಿ ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಬಿಟ್ಟರೆ ಬೇರೆ ಮಾತಿಲ್ಲ. ಬೇರೆ ಕ್ಲಬ್ ಬೇಡ ಅಂತ ಬಿಟ್ಟ ಆಟಗಾರನನ್ನು ನಮ್ಮ ಕ್ಲಬ್ ತಗೊಂಡಿದೆ. ಅರ್ಧ ಜನಕ್ಕೆ ಖುಷಿ, ಅರ್ಧ ಜನಕ್ಕೆ ಸಿಟ್ಟು. ಅಲ್ಲಿ ಆಗದವನು ಇಲ್ಲಿ ಬಂದು ಏನು ಮಾಡ್ತಾನೆ? ಇಂಥವರು ಗೆದ್ದದ್ದು ಉಂಟಾ?"

ಉಂಟು. ಎಲ್ಲರೂ ಗೆಲ್ಲುವುದಿಲ್ಲ, ಜಾಸ್ತಿ ಜನ ಒಂದೆರಡು ವರ್ಷ ಆಡಿ ಸದ್ದಿಲ್ಲದೆ ಹೊರಟುಹೋಗುತ್ತಾರೆ. ಆದರೆ ಗೆದ್ದವರನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಆಟ ಅವರಲ್ಲಿ ಮೊದಲೇ ಇತ್ತು. ಆ ಆಟಕ್ಕೆ ಸರಿಯಾದ ಜಾಗ ಎರಡನೇ ಕ್ಲಬ್‌ನಲ್ಲಿ ಸಿಕ್ಕಿತು. ನಾನು ಜಿಲಾಂಗ್ ಕ್ಲಬ್‌ನ ಅಭಿಮಾನಿ, ಹಾಗಾಗಿ ಉದಾಹರಣೆ ಕೊಡುವಾಗ ಆ ಕಡೆಗೇ ಸ್ವಲ್ಪ ವಾಲುತ್ತೇನೆ. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಮೊದಲು ಇಲ್ಲಿನ ಪದ್ಧತಿ ಗೊತ್ತಿರಬೇಕು, ಇಲ್ಲದಿದ್ದರೆ ಆಫೀಸಿನವರ ಸಿಟ್ಟು ಅರ್ಥವಾಗುವುದಿಲ್ಲ. ಐಪಿಎಲ್ ನೋಡಿ ಬೆಳೆದ ನಮಗೆ ಆಟಗಾರ ತಂಡ ಬದಲಾಯಿಸುವುದು ದೊಡ್ಡ ಸುದ್ದಿಯೇ ಅಲ್ಲ. ಲಕ್ನೋ ಬಿಟ್ಟ ಕೃಣಾಲ್ ಪಾಂಡ್ಯನನ್ನು ಆರ್‌ಸಿಬಿ ಹರಾಜಿನಲ್ಲಿ ತಗೊಂಡಿತು, 2025ರ ಫೈನಲ್‌ನಲ್ಲಿ ಅವನೇ ಪಂದ್ಯಶ್ರೇಷ್ಠ. ಫುಟಿಯ ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ ಹರಾಜೇ ಇಲ್ಲ. ಸುಮಾರು 18 ವರ್ಷದ ಹುಡುಗರನ್ನು ಕ್ಲಬ್‌ಗಳು ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಕೆಳಗಿದ್ದ ಕ್ಲಬ್‌ಗೆ ಮೊದಲ ಸರದಿ. ನಿನಗೆ ಎಲ್ಲಿ ಆಡಲು ಇಷ್ಟ ಅಂತ ಹುಡುಗನನ್ನು ಯಾರೂ ಕೇಳುವುದಿಲ್ಲ. ವಿಕ್ಟೋರಿಯಾದ ಹಳ್ಳಿ ಹುಡುಗ ಬ್ರಿಸ್ಬೇನ್‌ಗೋ ಪರ್ತ್‌ಗೋ ಹೋಗಬೇಕಾಗಬಹುದು. ಆಮೇಲೆ ಒಂದೇ ಕ್ಲಬ್‌ನಲ್ಲಿ ಕೊನೆತನಕ ಆಡುವುದು ಇಲ್ಲಿ ಇನ್ನೂ ದೊಡ್ಡ ಗೌರವದ ವಿಷಯ.

ಪ್ರತಿ ಕ್ಲಬ್‌ನ ಲಿಸ್ಟ್‌ನಲ್ಲಿ 40ಕ್ಕೂ ಹೆಚ್ಚು ಆಟಗಾರರು. ವಾರಕ್ಕೆ ಆಡುವವರು ಅದರಲ್ಲಿ ಅರ್ಧದಷ್ಟು. ಸೆಪ್ಟೆಂಬರ್ ಕೊನೆಗೆ ಗ್ರ್ಯಾಂಡ್ ಫೈನಲ್ ಮುಗಿಯುತ್ತದೆ, ಅಕ್ಟೋಬರ್‌ನಲ್ಲಿ ಟ್ರೇಡ್ (ಕ್ಲಬ್‌ಗಳು ಆಟಗಾರರನ್ನೂ ಡ್ರಾಫ್ಟ್ ಸರದಿಗಳನ್ನೂ ಅದಲುಬದಲು ಮಾಡಿಕೊಳ್ಳುವುದು), ನವೆಂಬರ್‌ನಲ್ಲಿ ಡ್ರಾಫ್ಟ್. ಹೊಸ ಹುಡುಗರು ಬರಬೇಕಾದರೆ ಇದ್ದವರು ಹೋಗಬೇಕು. ಪ್ರತಿ ವರ್ಷ 18 ಕ್ಲಬ್‌ಗಳೂ ಹೀಗೆ ಒಂದಷ್ಟು ಜನರನ್ನು ಲಿಸ್ಟ್‌ನಿಂದ ತೆಗೆಯುತ್ತವೆ. ಅವರಲ್ಲಿ ಎಷ್ಟೋ ಜನರಿಗೆ 21, 22 ವಯಸ್ಸು. ನಮ್ಮೂರಲ್ಲಾದರೆ ಡಿಗ್ರಿ ಮುಗಿಸುವ ವಯಸ್ಸು.

ಹೀಗೆ ಹೊರಬಿದ್ದವನಿಗೆ ವಾಪಸ್ ಬರಲು ಕೆಲವು ದಾರಿಗಳಿವೆ. ಬೇರೆ ಕ್ಲಬ್ ನೇರವಾಗಿ ಕರೆಯಬಹುದು. ಇಲ್ಲವಾದರೆ ಬೇಸಿಗೆಯಿಡೀ ಒಂದು ಕ್ಲಬ್ ಜೊತೆ ತರಬೇತಿ ಮಾಡಿ, ಸೀಸನ್ ಶುರುವಾಗುವ ಮುಂಚೆ ಕೊನೆಯ ಜಾಗ ಗಿಟ್ಟಿಸಬಹುದು. ಜನವರಿಯ ಉರಿಬಿಸಿಲಲ್ಲಿ, ಕಾಂಟ್ರಾಕ್ಟ್ ಇಲ್ಲದೆ, ಕಾಂಟ್ರಾಕ್ಟ್ ಇರುವವರ ಪಕ್ಕದಲ್ಲೇ ಅವರಷ್ಟೇ ಓಡಬೇಕು. ಇದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಯೋಚಿಸಿದರೆ ನನಗೆ ಅವರ ಮೇಲೆ ತುಂಬ ಗೌರವ ಬರುತ್ತದೆ. 2019ರಿಂದ ಸೀಸನ್ ಮಧ್ಯದಲ್ಲೂ ಒಂದು ಸಣ್ಣ ಡ್ರಾಫ್ಟ್ ನಡೆಯುತ್ತಿದೆ. ಇದ್ಯಾವುದೂ ಆಗದಿದ್ದರೆ ವಿಕ್ಟೋರಿಯಾದ ವಿಎಫ್‌ಎಲ್, ಸೌತ್ ಆಸ್ಟ್ರೇಲಿಯಾದ ಎಸ್‌ಎಎನ್‌ಎಫ್‌ಎಲ್, ಪರ್ತ್ ಕಡೆಯ ಡಬ್ಲ್ಯುಎಎಫ್‌ಎಲ್‌ನಂಥ ರಾಜ್ಯದ ಲೀಗ್‌ಗಳಿಗೆ ಇಳಿದು ಕಾಯಬೇಕು.

ಈಗ ಟೈಸನ್ ಸ್ಟೆಂಗಲ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಸ್ಟೆಂಗಲ್ ಸೌತ್ ಆಸ್ಟ್ರೇಲಿಯಾದ ಮೂಲನಿವಾಸಿ ಹುಡುಗ. ಎತ್ತರ ಕಡಿಮೆ, ಚುರುಕು ಜಾಸ್ತಿ. ಮೊದಲು ರಿಚ್ಮಂಡ್‌ನಲ್ಲಿದ್ದ. 2018ರ ಕೊನೆಗೆ ಟ್ರೇಡ್ ಆಗಿ ಅಡಿಲೇಡ್‌ಗೆ ಬಂದ. ಎರಡೂ ಕ್ಲಬ್ ಸೇರಿಸಿದರೂ ಇಪ್ಪತ್ತು ಪಂದ್ಯ ಆಗಲಿಲ್ಲ. ಮೈದಾನದ ಹೊರಗಿನ ತೊಂದರೆಗಳು ಬಂದವು, 2021ರ ಸೀಸನ್ ಶುರುವಾಗುವ ಹೊತ್ತಿಗೆ ಅಡಿಲೇಡ್ ಜೊತೆಗಿನ ನಂಟು ಮುಗಿಯಿತು. ಆಗ ಅವನಿಗೆ 22. ಆ ವರ್ಷ ಎಎಫ್‌ಎಲ್ ಬಿಟ್ಟು ಎಸ್‌ಎಎನ್‌ಎಫ್‌ಎಲ್‌ನ ವುಡ್‌ವಿಲ್-ವೆಸ್ಟ್ ಟಾರೆನ್ಸ್ ಕ್ಲಬ್‌ನಲ್ಲಿ ಆಡಿದ. ಆ ವರ್ಷ ಅಲ್ಲಿನ ಪ್ರಶಸ್ತಿ ಅದೇ ತಂಡಕ್ಕೆ ಬಂತು. ವರ್ಷದ ಕೊನೆಗೆ ಜಿಲಾಂಗ್ ಅವನನ್ನು ಕರೆಯಿತು.

ಜಿಲಾಂಗ್ ಯಾಕೆ ಕರೆಯಿತು ಅನ್ನುವುದರಲ್ಲೇ ಎಲ್ಲಾ ಇದೆ. ಆಗ ನಮ್ಮ ತಂಡದ ಮುಂದಿನ ಸಾಲಿನಲ್ಲಿ ಇಬ್ಬರು ಎತ್ತರದ ಆಳುಗಳಿದ್ದರು: ಟಾಮ್ ಹಾಕಿನ್ಸ್, ಜೆರೆಮಿ ಕ್ಯಾಮರನ್. ಚೆಂಡನ್ನು ದೂರದಿಂದ ಎತ್ತಿ ಒದೆಯುವುದು, ಇವರು ಹಾರಿ ಹಿಡಿಯುವುದು. ಆದರೆ ಹಾರಿದಾಗಲೆಲ್ಲ ಚೆಂಡು ಕೈಗೆ ಸಿಗುವುದಿಲ್ಲ. ಎದುರಾಳಿ ಮುಷ್ಟಿಯಿಂದ ಗುದ್ದುತ್ತಾನೆ, ಚೆಂಡು ಅಷ್ಟೂ ಜನರ ಕಾಲ ಬುಡದಲ್ಲಿ ಬೀಳುತ್ತದೆ. ಮೊಟ್ಟೆಯಾಕಾರದ ಚೆಂಡು, ಯಾವ ಕಡೆ ಪುಟಿಯುತ್ತದೋ ಹೇಳಲಾಗದು. ಆ ಕ್ಷಣದಲ್ಲಿ ನೆಲಮಟ್ಟದಲ್ಲಿ ಅದನ್ನು ಹೆಕ್ಕಿಕೊಂಡು, ಅರೆಕ್ಷಣದಲ್ಲಿ ತಿರುಗಿ, ಎರಡು ಎತ್ತರದ ಕಂಬಗಳ ನಡುವೆ ಒದೆಯುವವನು ಬೇಕು. ಅದಕ್ಕೆ ಆರು ಪಾಯಿಂಟ್. ಜಿಲಾಂಗ್‌ಗೆ ಬೇಕಿದ್ದದ್ದು ಇದೊಂದೇ ಕೆಲಸ ಬಲ್ಲ ಒಬ್ಬ.

ಗೋಲ್ ಕಂಬದ ಹಿಂದೆ ನಿಂತು ಅವನನ್ನು ನೋಡಬೇಕು. ಟಿವಿಯಲ್ಲಿ ಇದು ಕಾಣುವುದಿಲ್ಲ, ಕ್ಯಾಮರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಗಾಳಿಯಲ್ಲಿರುವಾಗ ಎಲ್ಲರೂ ಮೇಲೆ ನೋಡುತ್ತಿರುತ್ತಾರೆ. ಸ್ಟೆಂಗಲ್ ನೋಡುವುದು ತನ್ನ ತಂಡದ ಎತ್ತರದ ಆಟಗಾರನ ಬೆನ್ನನ್ನು. ಆ ಆಟಗಾರ ಯಾವ ಭುಜ ಕೊಟ್ಟು ತಳ್ಳುತ್ತಿದ್ದಾನೆ, ಗುದ್ದಿದರೆ ಚೆಂಡು ಯಾವ ಕಡೆ ಬೀಳಬಹುದು ಅಂತ ಲೆಕ್ಕ ಹಾಕಿ, ಗುಂಪಿನಿಂದ ಎರಡು ಮೂರು ಹೆಜ್ಜೆ ಆಚೆ ನಿಂತಿರುತ್ತಾನೆ. ಗುಂಪಿನೊಳಗೆ ನುಗ್ಗುವುದಿಲ್ಲ. ಚೆಂಡು ಬಿದ್ದಾಗ ಅವನು ಆಗಲೇ ಓಡುತ್ತಿರುತ್ತಾನೆ, ಸುತ್ತ ಇರುವವರು ಇನ್ನೂ ನೆಲಕ್ಕೆ ಕಾಲೂರುತ್ತಿರುತ್ತಾರೆ. ಚೆಂಡು ಎದುರಾಳಿಗೆ ಸಿಕ್ಕಿದರೆ ಅವನನ್ನೇ ಹಿಡಿದು ಕೆಡವುತ್ತಾನೆ. ಈ ಎರಡನೇ ಕೆಲಸಕ್ಕೆ ಚಪ್ಪಾಳೆ ಕಡಿಮೆ, ಕೋಚ್ ಹತ್ತಿರ ಬೆಲೆ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ. ಎಡ್ಡಿ ಬೆಟ್ಸ್ ಅಂತ, ಇದೇ ಜಾಗದಲ್ಲಿ ಕಾರ್ಲ್‌ಟನ್ ಮತ್ತು ಅಡಿಲೇಡ್‌ಗೆ 350 ಪಂದ್ಯ ಆಡಿದ ದೊಡ್ಡ ಆಟಗಾರ. ಅವರೂ ಮೂಲನಿವಾಸಿ ಸಮುದಾಯದವರು. 2019ರಲ್ಲಿ ಅಡಿಲೇಡ್‌ನಲ್ಲಿ ಸ್ಟೆಂಗಲ್ ಜೊತೆಗಿದ್ದರು, ಇಬ್ಬರೂ ತುಂಬ ಹತ್ತಿರ. 2021ರಲ್ಲಿ ಆಟ ನಿಲ್ಲಿಸಿದ ಬೆಟ್ಸ್ ಜಿಲಾಂಗ್‌ಗೆ ಕೋಚಿಂಗ್ ಕೆಲಸಕ್ಕೆ ಬಂದರು. ಅಂದರೆ ಸ್ಟೆಂಗಲ್ ಹೊಸ ಊರಿಗೆ ಬಂದಾಗ, ಅವನ ಆಟ ಗೊತ್ತಿದ್ದ, ಅವನ ಕಷ್ಟವೂ ಗೊತ್ತಿದ್ದ ಹಿರಿಯರೊಬ್ಬರು ಅಲ್ಲೇ ಇದ್ದರು. ಹೊಸ ಕ್ಲಬ್ ಅಂದರೆ ಹೊಸ ಜರ್ಸಿ, ಹೊಸ ಕೋಚ್ ಮಾತ್ರ ಅಂತ ಜನ ಅಂದುಕೊಳ್ಳುತ್ತಾರೆ. ಸಂಜೆ ಯಾರ ಮನೆಗೆ ಹೋಗಿ ಊಟಕ್ಕೆ ಕೂರಬಹುದು ಅನ್ನುವುದೂ ಅಷ್ಟೇ ದೊಡ್ಡದು. ಮನೆ ಬಿಟ್ಟು ಇಷ್ಟು ದೂರ ಬಂದಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

2022ರಲ್ಲಿ ಸ್ಟೆಂಗಲ್ 53 ಗೋಲು ಹೊಡೆದ. ವರ್ಷದ ಅತ್ಯುತ್ತಮ ಆಟಗಾರರ ತಂಡವಾದ ಆಲ್-ಆಸ್ಟ್ರೇಲಿಯನ್‌ನಲ್ಲಿ ಜಾಗ ಪಡೆದ. ಸೆಪ್ಟೆಂಬರ್ 24ರಂದು ಎಂಸಿಜಿಯಲ್ಲಿ 1,00,024 ಜನರ ಮುಂದೆ ಸಿಡ್ನಿ ವಿರುದ್ಧ ಗ್ರ್ಯಾಂಡ್ ಫೈನಲ್. ಜಿಲಾಂಗ್ 81 ಪಾಯಿಂಟ್‌ಗಳಿಂದ ಗೆದ್ದಿತು, ಸ್ಟೆಂಗಲ್‌ನದು ನಾಲ್ಕು ಗೋಲು. ಹಿಂದಿನ ವರ್ಷ ಎಎಫ್‌ಎಲ್‌ನಲ್ಲಿ ಕ್ಲಬ್ಬೇ ಇಲ್ಲದಿದ್ದ ಹುಡುಗ! ಆ ದಿನ ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ.

ಅದೇ ಪಂದ್ಯದಲ್ಲಿ ಪಂದ್ಯಶ್ರೇಷ್ಠನಿಗೆ ಕೊಡುವ ನಾರ್ಮ್ ಸ್ಮಿತ್ ಮೆಡಲ್ ಐಸಾಕ್ ಸ್ಮಿತ್‌ಗೆ ಸಿಕ್ಕಿತು. 33 ವಯಸ್ಸು, ಹಾಥಾರ್ನ್‌ನಲ್ಲಿ ಹತ್ತು ಸೀಸನ್ ಆಡಿ ಬಂದವನು. ಕಾರ್ಲ್‌ಟನ್‌ನಿಂದ ಬಂದ ಐರ್ಲೆಂಡ್‌ನ ಝಾಕ್ ಟೂಹಿಗೆ ಅದು 250ನೇ ಪಂದ್ಯ. ಇದೇ ನಾನು ಜಿಲಾಂಗ್ ಕಡೆ ವಾಲುವುದಕ್ಕೆ ಕಾರಣ. ಬೇರೆಯವರ ಲಿಸ್ಟ್‌ನಲ್ಲಿದ್ದವನ ಯಾವ ಒಂದು ಗುಣ ತನಗೆ ಬೇಕು ಅಂತ ನೋಡುವ ಕಣ್ಣು ಈ ಕ್ಲಬ್‌ಗಿದೆ.

ಅದಕ್ಕೂ ಮುಂಚೆ ಜೇಮ್ಸ್ ಪೊಡ್ಸಿಯಾಡ್ಲಿ ಇದ್ದರು. ಎಸೆಂಡನ್ ಮತ್ತು ಕಾಲಿಂಗ್‌ವುಡ್ ಎರಡೂ ಕ್ಲಬ್‌ಗಳ ರೂಕಿ ಲಿಸ್ಟ್‌ನಲ್ಲಿದ್ದು (ಮುಖ್ಯ ಲಿಸ್ಟ್‌ನ ಹೊರಗಿನ ಹೆಚ್ಚುವರಿ ಲಿಸ್ಟ್), ಒಂದೂ ಎಎಫ್‌ಎಲ್ ಪಂದ್ಯ ಆಡದೆ ಹೊರಬಂದವರು. ಆಮೇಲೆ ವಿಎಫ್‌ಎಲ್‌ನಲ್ಲಿ ಆಡಿಕೊಂಡಿದ್ದರು, ಜಿಲಾಂಗ್‌ನಲ್ಲಿ ಆಟಗಾರರ ಫಿಟ್‌ನೆಸ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. 2010ರಲ್ಲಿ, 28ನೇ ವಯಸ್ಸಿನಲ್ಲಿ, ಅದೇ ಕ್ಲಬ್‌ಗೆ ಮೊದಲ ಎಎಫ್‌ಎಲ್ ಪಂದ್ಯ ಆಡಿದರು. ಮೊದಲ ಸೀಸನ್‌ನಲ್ಲೇ 40ಕ್ಕೂ ಹೆಚ್ಚು ಗೋಲು. ಮರುವರ್ಷ ಗ್ರ್ಯಾಂಡ್ ಫೈನಲ್, ಎದುರಾಳಿ ತನ್ನನ್ನು ಬಿಟ್ಟಿದ್ದ ಕಾಲಿಂಗ್‌ವುಡ್. ಪಂದ್ಯದ ಮಧ್ಯೆ ಭುಜದ ಕೀಲು ತಪ್ಪಿ ಹೊರಗೆ ಹೋಗಬೇಕಾಯಿತು, ಆದರೂ ಜಿಲಾಂಗ್ ಗೆದ್ದಿತು, ಕೊರಳಿಗೆ ಮೆಡಲ್ ಬಂತು.

ಸುಮ್ನೆ ಜಿಲಾಂಗ್ ಹೊಗಳುತ್ತಾನೆ ಅನ್ನಬೇಡಿ, ಬೇರೆ ಕ್ಲಬ್‌ನವರೂ ಇದ್ದಾರೆ. ಮಿಚ್ ರಾಬಿನ್ಸನ್‌ನನ್ನು ಕಾರ್ಲ್‌ಟನ್ 2014ರಲ್ಲಿ ಬಿಟ್ಟಿತು. ಬ್ರಿಸ್ಬೇನ್ ತಗೊಂಡಿತು. ಮರುವರ್ಷವೇ ಬ್ರಿಸ್ಬೇನ್‌ನ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೆ. ಆಗ ಅದು ಸೋತು ಸುಣ್ಣವಾಗಿದ್ದ ತಂಡ. ಮೈಮೇಲೆ ಬಿದ್ದು ಆಡುವ, ಯಾವುದಕ್ಕೂ ಹೆದರದ ರಾಬಿನ್ಸನ್‌ನಂಥವನು ಅಲ್ಲಿನ ಎಳೆ ಹುಡುಗರಿಗೆ ಬೇಕಿತ್ತು. ಕೆಲ ವರ್ಷಗಳಲ್ಲಿ ಆ ತಂಡ ಮೇಲೆ ಬಂತು, ಆಗಲೂ ಅವನು ಅಲ್ಲೇ ಇದ್ದ.

ಇನ್ನು ಜಾಕ್ ಕ್ರಿಸ್ಪ್. ವಿಕ್ಟೋರಿಯಾದ ಮಿರ್ಟಲ್‌ಫರ್ಡ್ ಅನ್ನುವ ಸಣ್ಣ ಊರಿನವನು, ಬ್ರಿಸ್ಬೇನ್‌ಗೆ ಹೋಗಿ ಅಲ್ಲಿ ಕೆಲವೇ ಪಂದ್ಯ ಆಡಿದ್ದ. 2014ರಲ್ಲಿ ಕಾಲಿಂಗ್‌ವುಡ್‌ನ ಡೇನ್ ಬೀಮ್ಸ್ ಬ್ರಿಸ್ಬೇನ್‌ಗೆ ಹೊರಟ. ಬದಲಿಗೆ ಕಾಲಿಂಗ್‌ವುಡ್‌ಗೆ ಎರಡು ಒಳ್ಳೆಯ ಡ್ರಾಫ್ಟ್ ಸರದಿ, ಜೊತೆಗೆ ಕ್ರಿಸ್ಪ್. ಆಗ ಎಲ್ಲರ ಬಾಯಲ್ಲೂ ಬೀಮ್ಸ್ ಹೆಸರು, ಕ್ರಿಸ್ಪ್ ತರಕಾರಿ ಜೊತೆ ಕೊಸರು ಹಾಕುವ ಕೊತ್ತಂಬರಿ ಸೊಪ್ಪಿನ ಹಾಗೆ ಬಂದವನು. ಬಂದ ಮೇಲೆ ವಾರ ತಪ್ಪದೆ ಆಡಿದ. 2021, 2022 ಎರಡು ವರ್ಷ ಕ್ಲಬ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕೋಪ್‌ಲ್ಯಾಂಡ್ ಟ್ರೋಫಿ, 2023ರಲ್ಲಿ ಚಾಂಪಿಯನ್ ತಂಡದಲ್ಲಿ. ಒಂದೂ ಬಿಡದೆ ಸತತ 244 ಪಂದ್ಯ ಆಡಿದ ಜಿಮ್ ಸ್ಟೈನ್ಸ್ ದಾಖಲೆಯನ್ನು 2025ರಲ್ಲಿ ಮುರಿದ. ಈ ಆಟದಲ್ಲಿ ಮೂಳೆ ಮುರಿಯುವುದು, ಮಂಡಿ ತಿರುಚುವುದು ವಾರವಾರದ ಸುದ್ದಿ. ಅದರ ನಡುವೆ ಹತ್ತು ವರ್ಷ ಒಂದೂ ಪಂದ್ಯ ತಪ್ಪಿಸದೆ ಇರುವುದು ಎಂಥಾ ಸಾಧನೆ ಅಂತ ನಿಮ್ಮ ಆಫೀಸಿನವರನ್ನೇ ಕೇಳಿ.

ಸೋತವರ ಹೆಸರು ಹೇಳಿ ನೋಯಿಸುವುದು ಬೇಡ, ಆದರೆ ಯಾಕೆ ಸೋಲುತ್ತಾರೆ ಅಂತ ಹೇಳಬಹುದು. ನನಗೆ ಕಂಡಂತೆ, ಹೆಸರು ನೋಡಿ ತಗೊಂಡಾಗ ಕೆಡುತ್ತದೆ. "ಡ್ರಾಫ್ಟ್‌ನಲ್ಲಿ ಮೊದಲ ಹತ್ತರಲ್ಲಿದ್ದ ಹುಡುಗ, ನಾವು ಸರಿ ಮಾಡ್ತೀವಿ" ಅನ್ನುತ್ತಾರೆ. ಅವನು ಆಡುವ ಜಾಗದಲ್ಲಿ ಆಗಲೇ ಮೂವರು ಇರುತ್ತಾರೆ. ಒಂದು ವರ್ಷದ ಕಾಂಟ್ರಾಕ್ಟ್, ಅದರಲ್ಲಿ ಅರ್ಧ ವರ್ಷ ವಿಎಫ್‌ಎಲ್‌ನಲ್ಲೇ ಕಳೆಯುತ್ತದೆ. ಮತ್ತೆ ಅಕ್ಟೋಬರ್ ಬರುತ್ತದೆ.

ನೀವು ವೆರಿಬಿ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಇದ್ದರೆ (ಕನ್ನಡದವರು ಅಲ್ಲಿ ಬೇಕಾದಷ್ಟಿದ್ದಾರೆ) ವೆರಿಬಿ ಕ್ಲಬ್‌ನ ವಿಎಫ್‌ಎಲ್ ಪಂದ್ಯಕ್ಕೆ ಒಮ್ಮೆ ಹೋಗಿ. 2024ರ ವಿಎಫ್‌ಎಲ್ ಚಾಂಪಿಯನ್ನರು ಅವರೇ. ಎಷ್ಟೋ ವಿಎಫ್‌ಎಲ್ ಮೈದಾನಗಳಲ್ಲಿ ಕ್ವಾರ್ಟರ್ ಮಧ್ಯದ ಬಿಡುವಿನಲ್ಲಿ ಜನ ಬೇಲಿ ದಾಟಿ ಒಳಗೇ ಹೋಗಬಹುದು, ಕೋಚ್ ಬೈಯುವುದನ್ನು ಪಕ್ಕದಲ್ಲೇ ನಿಂತು ಕೇಳಬಹುದು. ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಆಡುವವರು ಅಲ್ಲಿದ್ದಾರೆ. ಎಎಫ್‌ಎಲ್‌ನಿಂದ ಹೊರಬಿದ್ದು ಇನ್ನೊಂದು ಕರೆಗಾಗಿ ಕಾಯುತ್ತಿರುವವರೂ ಅವರ ನಡುವೆಯೇ ಇರುತ್ತಾರೆ. ಎಂಸಿಜಿಯಲ್ಲಿ ಎಷ್ಟು ಪಂದ್ಯ ನೋಡಿದರೂ ಇದು ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ನಿಮ್ಮ ಆಫೀಸಿನ ಸಿಟ್ಟಿನವರ ಬಗ್ಗೆ. ಅವರ ವಾದ "ಆ ಜಾಗ 18ರ ಹುಡುಗನಿಗೆ ಕೊಡಬೇಕಿತ್ತು" ಅಂತ ಇರಬೇಕು. ತಂಡ ಕೆಳಗಿದ್ದು, ಹೊಸದಾಗಿ ಕಟ್ಟುತ್ತಿದ್ದರೆ ಅವರ ಮಾತು ಸರಿ. ಆದರೆ ತಂಡ ಗೆಲ್ಲುವ ಹಂತದಲ್ಲಿದ್ದು ಒಂದು ಕಡೆ ಮಾತ್ರ ತೂತಿದ್ದರೆ, ಹುಡುಗ ಬೆಳೆಯುವ ತನಕ ಮೂರು ನಾಲ್ಕು ವರ್ಷ ಯಾರು ಕಾಯುತ್ತಾರೆ? ಹಾಗಾಗಿ ಅವರಿಗೆ ಒಂದೇ ಪ್ರಶ್ನೆ ಕೇಳಿ: ಈತ ಬಂದರೆ ಯಾವ ಜಾಗದಲ್ಲಿ ಆಡುತ್ತಾನೆ, ಈಗ ಅಲ್ಲಿ ಯಾರಿದ್ದಾರೆ? ತಟ್ಟನೆ ಉತ್ತರ ಬಂದರೆ ಕ್ಲಬ್ ಯೋಚಿಸಿಯೇ ತಗೊಂಡಿದೆ. "ನೋಡೋಣ, ಎಲ್ಲಾದರೂ ಆಡಿಸ್ತಾರೆ" ಅಂದರೆ ನನಗೂ ಅವರಷ್ಟೇ ಚಿಂತೆಯಾಗುತ್ತದೆ.