ಹಕುಸಾಯ್ ಬದಲು ಪಾಕ್ ಚೋಯ್ ಬಂದದ್ದೇಕೆ?

ನೀವು ನಬೆಗೆ (ತರಕಾರಿ ಮುಂತಾದವನ್ನು ಸಾರಿನಲ್ಲಿ ಕುದಿಸುವ ಜಪಾನಿ ಅಡುಗೆ) ಹಕುಸಾಯ್ ಎಂದು ತಂದದ್ದು ಪಾಕ್ ಚೋಯ್ ಆಗಿರುವುದಕ್ಕೆ ಬಹುಮಟ್ಟಿಗೆ ಕಾರಣ, ಎರಡು ಹೆಸರುಗಳನ್ನೂ ‘ಬಿಳಿ’ ಮತ್ತು ‘ತರಕಾರಿ’ ಎಂಬ ಅರ್ಥದ ಅದೇ ಎರಡು ಚೀನೀ ಅಕ್ಷರಗಳಲ್ಲಿ ಬರೆಯುವುದು. ಅವನ್ನು ಮ್ಯಾಂಡರಿನ್‌ನಲ್ಲಿ ಬೈತ್ಸಾಯ್, ಕ್ಯಾಂಟನೀಸ್‌ನಲ್ಲಿ ಬಾಕ್ ಚೋಯ್ (ಪಾಕ್ ಚೋಯ್ ಎಂಬುದು ಇದೇ), ಜಪಾನಿಯಲ್ಲಿ ಹಕುಸಾಯ್ ಎಂದು ಓದುತ್ತಾರೆ. ಆದರೆ ಉತ್ತರ ಚೀನಾದವರಿಗೂ ಜಪಾನಿಯರಿಗೂ ಅದು ಉದ್ದನೆಯ, ಬಿಗಿಯಾಗಿ ಸುತ್ತಿಕೊಂಡ ಎಲೆಕೋಸು. ಕ್ಯಾಂಟನೀಸ್ ಮಾತಾಡುವ ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನವರಿಗೆ ದಪ್ಪ ದಂಟಿನ, ಬಿಡಿ ಎಲೆಗಳ ಸೊಪ್ಪು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಪ್ರಭೇದಕ್ಕೆ ಸೇರಿವೆ ಎಂಬುದು ಅಡುಗೆಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಮೊದಲು ಪಾಕವಿಧಾನ ಯಾವ ಊರಿನದೆಂದು ನೋಡಿ. ಜಪಾನಿನದಾದರೆ ನಾಪಾ ಕ್ಯಾಬೇಜ್ ಅಥವಾ ಚೈನೀಸ್ ಕ್ಯಾಬೇಜ್ ಎಂಬ ಚೀಟಿಯಿರುವುದನ್ನೇ ಕೊಳ್ಳಿ: ದಂಟು ಚಪ್ಪಟೆ, ಬಿಳಿ, ಎಲೆ ತೆಳು ಹಳದಿ ಹಸಿರು, ಅಂಚು ಸುಕ್ಕುಸುಕ್ಕು. ಜಪಾನಿನಲ್ಲಿ ಹಸಿರು ದಂಟಿನ ಸೊಪ್ಪಿಗೆ ಚಿಂಗೆನ್ಸಾಯ್, ಬಿಳಿ ದಂಟಿನದಕ್ಕೆ ಪಾಕುಚೋಯ್ ಎಂಬ ಹೆಸರುಗಳಿವೆ. ಚೀನೀ ಪಾಕವಿಧಾನವಾದರೆ ಬೈತ್ಸಾಯ್ ಎಂಬ ಹೆಸರಿಗೆ ಮೊದಲು ಬರುವ ವಿಶೇಷಣವನ್ನು ಗಮನಿಸಿ. ‘ದಾ’ ಎಂದರೆ ದೊಡ್ಡದು, ಅಂದರೆ ಕೋಸು. ‘ಶ್ಯಾವ್’ ಎಂದರೆ ಚಿಕ್ಕದು, ಸಾಮಾನ್ಯವಾಗಿ ಬಿಡಿ ಸೊಪ್ಪು. ವಿಶೇಷಣವೇ ಇಲ್ಲದಿದ್ದರೆ ಖಚಿತವಾಗಿ ಹೇಳಲಾಗದು. ಬಹಳ ಹೊತ್ತು ಕುದಿಸಲು ಹೇಳಿದ್ದರೆ ಕೋಸೇ ಇರಬೇಕೆಂದು ನಾನು ಊಹಿಸುತ್ತೇನೆ.

ಈಗಾಗಲೇ ತಂದಿರುವ ಪಾಕ್ ಚೋಯ್ ವ್ಯರ್ಥವಾಗಬೇಕಿಲ್ಲ. ದಂಟನ್ನು ಬೇರೆ ಹೆಚ್ಚಿಕೊಂಡು ಮೊದಲು ಹಾಕಿ, ಎಲೆಗಳನ್ನು ಒಲೆ ಆರಿಸುವ ಮುನ್ನ ಸೇರಿಸಿ. ಕೋಸು ಬಿಡುವಷ್ಟು ಸಿಹಿ ನೀರು ಇದರಿಂದ ಬರುವುದಿಲ್ಲವಾದ್ದರಿಂದ ಸಾರನ್ನು ತುಸು ಹೆಚ್ಚು ಇಡಿ.